ಕಾಗದದ ಮಡಿಕೆಯಿಂದ ಶುರುಮಾಡಿ: ಕೈಯಾರೆ ಶುಭಾಶಯ ಪತ್ರ, ಜೊತೆಗೊಂದು ಆರ್ಟ್ ಜರ್ನಲ್

ಶುಭಾಶಯ ಪತ್ರಗಳನ್ನು ಕೈಯಾರೆ ಮಾಡುವ ಹವ್ಯಾಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಬಣ್ಣ, ಮಿನುಗುಪುಡಿ, ರಿಬ್ಬನ್ನುಗಳನ್ನು ಕೂಡಿಹಾಕಿಕೊಂಡು, ಕಾಗದದ ವಿಚಾರವನ್ನು ಕೊನೆಗೆ ಬಿಡುತ್ತಾರೆ. ಈ ಕ್ರಮವನ್ನು ತಿರುವುಹಾಕಬೇಕು ಎಂಬುದು ನನ್ನ ಅಭಿಪ್ರಾಯ. ಚಿತ್ರ ಸುಮಾರಾಗಿದ್ದರೂ ಮಡಿಕೆ ನೇರವಾಗಿರುವ ಕಾರ್ಡು ಅಚ್ಚುಕಟ್ಟಾಗಿ ಕಾಣುತ್ತದೆ. ಚಿತ್ರ ಎಷ್ಟೇ ಸೊಗಸಾಗಿದ್ದರೂ ಬೆನ್ನು ಬಿರಿದು, ಅಂಟಿನಿಂದ ಸುರುಟಿಕೊಂಡ ಕಾರ್ಡನ್ನು ಯಾರಿಗಾದರೂ ಕೊಡಲು ಕೈ ಹಿಂಜರಿಯುತ್ತದೆ. ಇದರ ಜೊತೆಗೆ ಇನ್ನೊಂದು ಸಲಹೆಯೂ ಉಂಟು. ಕಾರ್ಡು ಬೇರೆಯವರ ಕೈ ಸೇರುವ ವಸ್ತುವಾದುದರಿಂದ ಅದರ ಮೇಲೆ ಪ್ರಯೋಗ ಮಾಡುವುದು ಕಷ್ಟ. ಆರ್ಟ್ ಜರ್ನಲ್, ಅಂದರೆ ಬಣ್ಣ ಹಚ್ಚಿ, ತುಣುಕು ಅಂಟಿಸಿ, ಬರೆದಿಡುವ ಪುಸ್ತಕ, ನಮ್ಮಲ್ಲೇ ಉಳಿಯುವುದರಿಂದ ಅಲ್ಲಿ ಎಷ್ಟು ಬೇಕಾದರೂ ಕೆಡಿಸಬಹುದು. ಆದ್ದರಿಂದ ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ಬಗೆಯ ಕಾಗದದಿಂದ ನಡೆಸಿಕೊಂಡು ಹೋಗುವುದು ಒಳ್ಳೆಯದು.

ಕಾಗದದ ತೂಕವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ಪ್ರಿಂಟರಿಗೆ ಹಾಕುವ ಕಾಗದ 70ರಿಂದ 80 ಜಿಎಸ್‌ಎಂ ಇರುತ್ತದೆ. ಅದರಿಂದ ಮಾಡಿದ ಕಾರ್ಡು ನಿಲ್ಲಿಸಿದರೆ ಬಾಗಿಬಿಡುತ್ತದೆ. ಕಾರ್ಡಿಗೆ 200ರಿಂದ 300, ಜರ್ನಲ್ಲಿನ ಹಾಳೆಗೆ 150ರಿಂದ 200 ಜಿಎಸ್‌ಎಂ ಸಾಕು. ಜಲವರ್ಣವನ್ನು ಧಾರಾಳವಾಗಿ ಬಳಸುವ ಉದ್ದೇಶವಿದ್ದರೆ 300 ಜಿಎಸ್‌ಎಂನ ಜಲವರ್ಣ ಕಾಗದವನ್ನೇ ಕೊಳ್ಳುವುದು ಲೇಸು, ಏಕೆಂದರೆ ತೆಳುವಾದ ಕಾಗದ ನೀರು ಕುಡಿದ ಕೂಡಲೇ ಅಲೆ ಅಲೆಯಾಗಿ ಉಬ್ಬುತ್ತದೆ.

ತೂಕಕ್ಕಿಂತಲೂ ಮುಖ್ಯವಾದದ್ದು, ಪೊಟ್ಟಣದ ಮೇಲೆ ಅನೇಕ ಸಲ ಬರೆದೇ ಇರದ ಸಂಗತಿ: ನಾರಿನ ದಿಕ್ಕು. ಯಂತ್ರದಲ್ಲಿ ತಯಾರಾಗುವ ಕಾಗದದಲ್ಲಿ ನಾರುಗಳು ಬಹುಪಾಲು ಯಂತ್ರ ಓಡುವ ದಿಕ್ಕಿಗೇ ಮಲಗಿಕೊಳ್ಳುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ನಯವಾಗಿ ಕೂರುತ್ತದೆ. ಅಡ್ಡಲಾಗಿ ಮಡಿಸಿದರೆ ನಾರುಗಳೇ ಮುರಿಯಬೇಕಾಗುವುದರಿಂದ ದಪ್ಪ ಕಾಗದದ ಬೆನ್ನು ಬಿರಿದು, ಬಣ್ಣದ ಕಾಗದವಾಗಿದ್ದರೆ ಒಳಗಿನ ಬಿಳುಪು ಗೆರೆಯಂತೆ ಇಣುಕುತ್ತದೆ. ದಿಕ್ಕನ್ನು ತಿಳಿಯಲು ಹಾಳೆಯನ್ನು ಮೇಜಿನ ಮೇಲಿಟ್ಟು, ಮಡಿಸದೆ, ಒಂದು ಅಂಚನ್ನು ಎದುರಿನ ಅಂಚಿನ ಕಡೆಗೆ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಬಳಿಕ ಹಾಳೆಯನ್ನು ಕಾಲು ಸುತ್ತು ತಿರುಗಿಸಿ ಹಾಗೆಯೇ ಮಾಡಬೇಕು. ಯಾವ ಬಾಗು ಹೆಚ್ಚು ಪ್ರತಿರೋಧವಿಲ್ಲದೆ ಅಂಗೈಗೆ ಒಪ್ಪಿಕೊಳ್ಳುತ್ತದೆಯೋ ಆ ಬಾಗಿನ ಉದ್ದಕ್ಕೇ ನಾರು ಇದೆ ಎಂದು ತಿಳಿಯಬೇಕು.

ಈ ಲೆಕ್ಕ ಗೊತ್ತಾದರೆ ಅಳತೆಯ ಪ್ರಶ್ನೆಯೂ ತಾನಾಗಿ ಬಗೆಹರಿಯುತ್ತದೆ. 210 × 297 ಮಿಲಿಮೀಟರಿನ ಎ4 ಹಾಳೆಗಳಲ್ಲಿ ನಾರು ಸಾಮಾನ್ಯವಾಗಿ ಉದ್ದದ ಬದಿಗೇ ಇರುತ್ತದೆ. ಅಂಥ ಹಾಳೆಯನ್ನು ನೇರವಾಗಿ ನಡುವೆ ಮಡಿಸಿದರೆ ಮಡಿಕೆ ನಾರಿಗೆ ಅಡ್ಡವಾಗುತ್ತದೆ. ಅದರ ಬದಲು ಹಾಳೆಯನ್ನು ಮೊದಲು ನಡುವೆ ಕತ್ತರಿಸಿ, ಸಿಕ್ಕಿದ ಎರಡು ಎ5 ತುಂಡುಗಳನ್ನು ಒಂದೊಂದು ಸಲ ಮಡಿಸಿದರೆ 105 × 148 ಮಿಲಿಮೀಟರಿನ ಎರಡು ಎ6 ಕಾರ್ಡುಗಳು ದೊರೆಯುತ್ತವೆ, ಮಡಿಕೆಯೂ ನಾರಿನ ದಿಕ್ಕಿಗೇ ಬೀಳುತ್ತದೆ. ಜರ್ನಲ್ಲಿಗೂ ಇದೇ ಉಪಾಯ: ಎ4ರ ಎರಡರಷ್ಟಿರುವ ಎ3 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ, ಆ ತುಂಡುಗಳನ್ನು ಮಡಿಸಿದರೆ ಎ5 ಪುಟಗಳಾಗುತ್ತವೆ ಮತ್ತು ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ನಾರು ಉದ್ದಕ್ಕಿರುವ ಹಾಳೆಗೆ ಒಂದು ಕತ್ತರಿಕೆ, ಆಮೇಲೆ ಒಂದು ಮಡಿಕೆ ಎಂದು ನೆನಪಿಟ್ಟುಕೊಂಡರೆ ಸಾಕು.

ದಪ್ಪ ಕಾಗದವನ್ನು ಬರಿಗೈಯಲ್ಲಿ ಮಡಿಸಬಾರದು. ಮೊದಲು ಮಡಿಕೆಯ ಜಾಗದಲ್ಲಿ ಗೀರು ಎಳೆಯಬೇಕು. ಇದಕ್ಕೆ ದುಬಾರಿ ಸಲಕರಣೆಯೇನೂ ಬೇಡ, ಶಾಯಿ ಮುಗಿದ ಬಾಲ್‌ಪೆನ್ನು ಚೆನ್ನಾಗಿ ಕೆಲಸ ಮಾಡುತ್ತದೆ. ಎ5 ತುಂಡಿನ ಕೆಳಗೆ ನಾಲ್ಕಾರು ಹಳೆಯ ಪತ್ರಿಕೆಗಳನ್ನೋ ಮೆತ್ತನೆಯ ರಟ್ಟನ್ನೋ ಹಾಸಿ, ಮೇಲಂಚು ಮತ್ತು ಕೆಳಂಚು ಎರಡರಲ್ಲೂ 105 ಮಿಲಿಮೀಟರಿಗೆ ಸೂಜಿಮೊನೆಯಷ್ಟು ಗುರುತು ಮಾಡಿ, ಉಕ್ಕಿನ ಸ್ಕೇಲನ್ನು ಆ ಎರಡು ಗುರುತುಗಳಿಗೆ ತಾಗಿಸಿ ಹಿಡಿದು, ಪೆನ್ನನ್ನು ಒಂದೇ ದಿಕ್ಕಿನಲ್ಲಿ ಎರಡು ಸಲ ಎಳೆಯಬೇಕು. ಮೊದಲ ಸಲ ಹಗುರವಾಗಿ, ಎರಡನೆಯ ಸಲ ಸ್ವಲ್ಪ ಭಾರವಾಗಿ. ಗೀರಿದ ಕಡೆ ತಗ್ಗು, ಅದರ ಹಿಂಬದಿಯಲ್ಲಿ ಸಣ್ಣ ಉಬ್ಬು ಮೂಡುತ್ತದೆ. ಹೊಸಬರೆಲ್ಲ ಎಡವುವುದು ಇಲ್ಲಿಯೇ: ತಗ್ಗಿನೊಳಕ್ಕೆ ಮಡಿಸಬೇಕೆಂದು ಅನ್ನಿಸುತ್ತದೆ, ಆದರೆ ಉಬ್ಬು ಮಡಿಕೆಯ ಒಳಗೆ ಬರುವಂತೆ, ಅಂದರೆ ಗೀರು ಕಾರ್ಡಿನ ಹೊರಬದಿಯಲ್ಲಿ ಉಳಿಯುವಂತೆ ಮಡಿಸಬೇಕು. ಆಗ ಹೊರಪದರದ ಮೇಲೆ ಎಳೆತ ಕಡಿಮೆಯಾಗಿ ಬೆನ್ನು ಬಿರಿಯುವುದಿಲ್ಲ. ಮಡಿಸಿದ ಮೇಲೆ ಬೆನ್ನಿನ ಮೇಲೊಂದು ತೆಳು ಕಾಗದವಿಟ್ಟು ಚಮಚದ ಹಿಂಬದಿಯಿಂದ ತೀಡಬೇಕು. ಕಾಗದವಿಡದೆ ತೀಡಿದರೆ ಆ ಜಾಗ ಹೊಳಪೇರಿ ಕಲೆಯಂತೆ ಕಾಣುತ್ತದೆ.

ಮಡಿಕೆಯೇ ಇಲ್ಲದ ಕಾರ್ಡೂ ಕಾರ್ಡೇ ಎಂಬುದನ್ನು ಇಲ್ಲಿ ಹೇಳಬೇಕು. 1843ರಲ್ಲಿ ಲಂಡನ್ನಿನಲ್ಲಿ ಸರ್ಕಾರಿ ಅಧಿಕಾರಿ ಹೆನ್ರಿ ಕೋಲ್ ಅವರು ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್‌ಲಿ ಅವರಿಂದ ಬರೆಯಿಸಿದ, ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡ್ ಎಂದು ಹೆಸರಾದ ಕಾರ್ಡು ಕೂಡ ಮಡಿಕೆಯಿಲ್ಲದ ಒಂಟಿ ರಟ್ಟಿನ ತುಂಡಾಗಿತ್ತು. ಅಚ್ಚು ಹಾಕಿದ ಮೇಲೆ ಅದಕ್ಕೆ ಕೈಯಿಂದ ಬಣ್ಣ ತುಂಬಲಾಗಿತ್ತು. ಮಡಿಕೆ ಕೈಗೆ ಬಗ್ಗುವವರೆಗೆ ಒಂಟಿ ಕಾರ್ಡುಗಳಿಂದಲೇ ಆರಂಭಿಸಿದರೆ ತಪ್ಪಿಲ್ಲ.

ಇನ್ನು ಮುಖಪುಟ. ಕಾರ್ಡಿನ ಮೇಲೆ ನೇರವಾಗಿ ಬಣ್ಣ ಹಚ್ಚುವುದಕ್ಕಿಂತ 95 × 138 ಮಿಲಿಮೀಟರಿನ ಬೇರೆ ತುಂಡಿನಲ್ಲಿ ಚಿತ್ರ ಮಾಡಿ, ಒಣಗಿದ ಮೇಲೆ ಅಂಟಿಸುವುದು ಉತ್ತಮ. ಸುತ್ತಲೂ 5 ಮಿಲಿಮೀಟರ್ ಅಂಚು ಉಳಿದು ಚೌಕಟ್ಟು ಕಟ್ಟಿದಂತೆ ಕಾಣುತ್ತದೆ; ಚಿತ್ರ ಕೆಟ್ಟರೆ ಆ ತುಂಡಷ್ಟೇ ಹಾಳು. ಹಾಳಾದ ತುಂಡು ಜರ್ನಲ್ಲಿಗೆ ಹೋಗುತ್ತದೆ, ಎಸೆಯುವ ಮಾತಿಲ್ಲ.

ಚಿತ್ರ ಬರೆಯಲು ಬಾರದವರಿಗೂ ಕೈಹಿಡಿಯುವ ಒಂದು ವಿಧಾನವೆಂದರೆ ಮೇಣದ ತಡೆ. ಬಿಳಿಯ ಮೇಣದ ಬತ್ತಿಯಿಂದ ಜಲವರ್ಣ ಕಾಗದದ ಮೇಲೆ ಎಲೆಯನ್ನೋ, ಅಲೆಗಳನ್ನೋ, ಒಂದು ಹೆಸರನ್ನೋ ಒತ್ತಿ ಬರೆಯಬೇಕು. ಬರೆಯುವಾಗ ಏನೂ ಕಾಣುವುದಿಲ್ಲವಾದ್ದರಿಂದ ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೇಣದ ಹೊಳಪನ್ನು ನೋಡಿಕೊಳ್ಳಬೇಕು. ಆಮೇಲೆ ಅಗಲವಾದ ಕುಂಚದಲ್ಲಿ ನೀಲಿಯನ್ನೋ ಹಸಿರನ್ನೋ ತೆಳುವಾಗಿ ಬಳಿದರೆ ಮೇಣವಿದ್ದ ಕಡೆ ನೀರು ನಿಲ್ಲದೆ ಜಾರಿ, ಬಿಳಿಯ ಗೆರೆಗಳು ಮೂಡಿಬರುತ್ತವೆ. ಹಸಿಯ ಹೊಳಪು ಇನ್ನೇನು ಆರಬೇಕು ಎನ್ನುವಾಗ ನಾಲ್ಕು ಹರಳು ಉಪ್ಪು ಉದುರಿಸಿದರೆ ಪ್ರತಿ ಹರಳೂ ತನ್ನ ಸುತ್ತಲಿನ ಬಣ್ಣದ ನೀರನ್ನು ಎಳೆದುಕೊಂಡು ನಕ್ಷತ್ರದಂಥ ಗುರುತನ್ನು ಬಿಡುತ್ತದೆ. ನೀರು ತುಂಬ ಇದ್ದಾಗ ಹಾಕಿದರೆ ಉಪ್ಪು ಕರಗಿಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಈ ಹದವನ್ನು ಮಾತಿನಲ್ಲಿ ಕಲಿಸಲಾಗದು; ಜರ್ನಲ್ಲಿನ ಒಂದೇ ಪುಟದಲ್ಲಿ ಆರು ಚೌಕ ಎಳೆದು, ಒಂದೊಂದರಲ್ಲಿ ಅರ್ಧ ನಿಮಿಷ ತಡಮಾಡುತ್ತ ಉಪ್ಪು ಹಾಕಿ ನೋಡಿದರೆ ಕಣ್ಣಿಗೆ ತಿಳಿಯುತ್ತದೆ. ಉಪ್ಪನ್ನು ಪೂರ್ತಿ ಒಣಗಿದ ಮೇಲೆಯೇ ಉಜ್ಜಿ ತೆಗೆಯಬೇಕು.

ಅಂಟಿನ ವಿಷಯದಲ್ಲಿ ಜಿಪುಣರಾಗಿರುವುದೇ ಜಾಣತನ. ಬಿಳಿಯ ಅಂಟಿನಲ್ಲಿ ನೀರಿರುತ್ತದೆ. ನೀರು ಕುಡಿದ ನಾರು ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಹಿಗ್ಗುವುದರಿಂದ ಕಾಗದ ಒಂದೇ ಕಡೆಗೆ ಸುರುಟುತ್ತದೆ. ಅಂಟನ್ನು ಕುಂಚದಲ್ಲಿ ಅಥವಾ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಲ್ಲಿ ನಡುವಿನಿಂದ ಹೊರಕ್ಕೆ ತೆಳುವಾಗಿ ಸವರಿ, ಅಂಟಿಸಿದ ಕೂಡಲೇ ಎರಡು ಬದಿಗೂ ಬಟರ್ ಪೇಪರ್ ಇಟ್ಟು, ದಪ್ಪ ಪುಸ್ತಕಗಳ ಕೆಳಗೆ ಒಂದು ರಾತ್ರಿ ಬಿಡಬೇಕು. ಇಷ್ಟು ತಾಳ್ಮೆ ಇಲ್ಲದ ದಿನಗಳಿಗೆ ಎರಡು ಬದಿಯ ಟೇಪು ಇದೆ.

ಒಳಗಿನ ಬರಹಕ್ಕೂ ಬೇರೆ ಹಾಳೆಯನ್ನೇ ಬಳಸಬೇಕೆಂದು ನಾನು ಕಲಿತದ್ದು ಕಷ್ಟಪಟ್ಟು. ಒಮ್ಮೆ ಎರಡು ಸಂಜೆ ಕೂತು ಮಾಡಿದ ಕಾರ್ಡಿನೊಳಗೆ ಕೊನೆಯ ಗಳಿಗೆಯಲ್ಲಿ ಹೆಸರಿನ ಒತ್ತಕ್ಷರವನ್ನೇ ಬಿಟ್ಟು ಬರೆದೆ. ತಿದ್ದಲು ಹೋಗಿ ಕಾಗದವನ್ನು ಕೆರೆದು, ಇಡೀ ಕಾರ್ಡನ್ನು ಬದಿಗಿಡಬೇಕಾಯಿತು. ಈಗ 100 ಜಿಎಸ್‌ಎಂನ ತೆಳು ಹಾಳೆಯನ್ನು ಕಾರ್ಡಿಗಿಂತ ಸುತ್ತಲೂ 3 ಮಿಲಿಮೀಟರ್ ಚಿಕ್ಕದಾಗಿ ಕತ್ತರಿಸಿ, ಮಡಿಸಿ, ಅದರ ಮೇಲೆ ಬರೆದು, ಶಾಯಿ ಒಣಗಿದ ಬಳಿಕ ಹಿಂಭಾಗದಲ್ಲಿ ಮಡಿಕೆಯ ಪಕ್ಕಕ್ಕೆ ಒಂದೇ ಒಂದು ತೆಳುಗೆರೆ ಅಂಟು ಹಚ್ಚಿ ಕೂರಿಸುತ್ತೇನೆ. ಇಡೀ ಹಾಳೆಗೆ ಅಂಟು ಹಚ್ಚಿದರೆ ಕಾರ್ಡು ಮುಚ್ಚುವಾಗ ಒಳಹಾಳೆ ಸುಕ್ಕುಗಟ್ಟುತ್ತದೆ.

ತೆರೆದಾಗ ಎದ್ದು ನಿಲ್ಲುವ ಚಿತ್ರ ಬೇಕೆಂದರೆ ಮಾತ್ರ ಒಳಹಾಳೆಯೂ ದಪ್ಪವಿರಬೇಕು. ಮಡಿಸಿದ ಹಾಳೆಯ ಬೆನ್ನಿನಿಂದ 30 ಮಿಲಿಮೀಟರ್ ಉದ್ದದ ಎರಡು ಸಮಾನಾಂತರ ಸೀಳುಗಳನ್ನು 20 ಮಿಲಿಮೀಟರ್ ಅಂತರದಲ್ಲಿ ಕತ್ತರಿಸಿ, ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿದರೆ ಅದು ಮೆಟ್ಟಿಲಿನಂತೆ ನಿಲ್ಲುತ್ತದೆ. ಕಾರ್ಡು ಮುಚ್ಚಿದಾಗ ಆ ಮೆಟ್ಟಿಲು ಬೆನ್ನಿನಿಂದ ಸೀಳಿನ ಎರಡರಷ್ಟು, ಅಂದರೆ 60 ಮಿಲಿಮೀಟರ್ ದೂರಕ್ಕೆ ಬರುತ್ತದೆ. ಆದ್ದರಿಂದ ಅದರ ಮುಂಭಾಗಕ್ಕೆ ಅಂಟಿಸುವ ಚಿತ್ರ ಮೆಟ್ಟಿಲಿನ ಅಂಚನ್ನು ದಾಟಿ 40 ಮಿಲಿಮೀಟರಿಗಿಂತ ಹೆಚ್ಚು ಚಾಚಿಕೊಂಡರೆ ಮುಚ್ಚಿದ ಕಾರ್ಡಿನಿಂದ ಹೊರಗೆ ಇಣುಕುವ ಅಪಾಯವಿದೆ. ಈ ಒಳಹಾಳೆಯ ಹಿಂಬದಿಗೆ ಕಾರ್ಡನ್ನು ಅಂಟಿಸುವಾಗ ಮೆಟ್ಟಿಲಿನ ಭಾಗಕ್ಕೆ ಅಂಟು ತಾಗದಂತೆ ನೋಡಿಕೊಳ್ಳಬೇಕು.

ಲಕೋಟೆ ಕೊಳ್ಳುವುದಾದರೆ ಎ6 ಕಾರ್ಡಿಗೆ 114 × 162 ಮಿಲಿಮೀಟರಿನ ಸಿ6 ಸರಿಹೊಂದುತ್ತದೆ. ನಾವೇ ಮಾಡುವುದಾದರೆ ಎ4 ಹಾಳೆಯಿಂದ 210 ಮಿಲಿಮೀಟರಿನ ಚೌಕವನ್ನು ಕತ್ತರಿಸಿ, ಮೂಲೆ ಮೇಲಾಗುವಂತೆ ಇಟ್ಟು, ನಡುವೆ ಕಾರ್ಡನ್ನು ಅಡ್ಡಲಾಗಿ ಮಲಗಿಸಿ, ಸುತ್ತಲೂ 3 ಮಿಲಿಮೀಟರ್ ಸಡಿಲ ಬಿಟ್ಟು, ಮೊದಲು ಎಡಬಲದ ಮೂಲೆಗಳನ್ನು, ಆಮೇಲೆ ಕೆಳಗಿನದನ್ನು ಮಡಿಸಬೇಕು. ಮಡಿಕೆಗಳು ಸೇರುವ ನಾಲ್ಕು ಕಡೆ ಪುಟ್ಟ ತ್ರಿಕೋನಗಳು ಹೆಚ್ಚುವರಿಯಾಗಿ ಉಳಿಯುತ್ತವೆ; ಅವನ್ನು ಕತ್ತರಿಸಿ ತೆಗೆದು, ಕೆಳಮೂಲೆಯ ಅಂಚುಗಳಿಗಷ್ಟೇ ಅಂಟು ಹಾಕಬೇಕು. ಗುಂಡಿ, ಮಣಿಗಳಂಥ ಉಬ್ಬಿದ ಅಲಂಕಾರವಿರುವ ಕಾರ್ಡನ್ನು ಅಂಚೆಗೆ ಹಾಕಬೇಡಿ, ಕೈಯಲ್ಲೇ ಕೊಡಿ.

ಈಗ ಜರ್ನಲ್. ಸಿದ್ಧ ಪುಸ್ತಕವನ್ನೂ ಬಳಸಬಹುದು, ಆದರೆ ಅಂಟಿಸಿದ ತುಣುಕುಗಳಿಂದ ಅದು ಬೇಗ ಉಬ್ಬುತ್ತದೆ. ಪ್ರತಿ ಮೂರನೆಯ ಹಾಳೆಯನ್ನು ಬುಡದಲ್ಲಿ ಎರಡು ಬೆರಳಿನಷ್ಟು ಬಿಟ್ಟು ಕತ್ತರಿಸಿ ತೆಗೆದರೆ ಆ ಉಬ್ಬಿಗೆ ಜಾಗವಾಗುತ್ತದೆ. ನಾವೇ ಹೊಲಿಯುವುದಾದರೆ ಐದಾರು ಹಾಳೆಗಳನ್ನು ಒಂದರೊಳಗೊಂದು ಮಡಿಸಿ ಇಟ್ಟು, ಬೆನ್ನಿನಲ್ಲಿ ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು ಹೀಗೆ ಮೂರು ತೂತು ಮಾಡಬೇಕು. ಸೂಜಿ ಒಳಗಿನಿಂದ ನಡುವಿನ ತೂತಿನ ಮೂಲಕ ಹೊರಬಂದು, ಮೇಲಿನ ತೂತಿನಿಂದ ಒಳಹೋಗಿ, ಒಳಗೇ ನಡುವಿನದನ್ನು ದಾಟಿ ಕೆಳಗಿನ ತೂತಿನಿಂದ ಹೊರಬಂದು, ಮತ್ತೆ ನಡುವಿನ ತೂತಿನಿಂದ ಒಳಬರಬೇಕು. ದಾರದ ಎರಡು ತುದಿಗಳೂ ಒಳಗಿನ ಉದ್ದ ಎಳೆಯ ಆಚೀಚೆ ಇರುವಂತೆ ನೋಡಿಕೊಂಡು ಗಂಟು ಹಾಕಿದರೆ ಪುಸ್ತಕ ಸಿದ್ಧ.

ಪುಟ ತೆಳುವಾಗಿದ್ದರೆ ಎರಡನ್ನು ಸೇರಿಸಿ ಅಂಟಿಸಿ, ಮೇಲೆ ಜೆಸೊವನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಜೆಸೊ ಎಂದರೆ ಬಣ್ಣ ಹಿಡಿದು ನಿಲ್ಲುವಂತೆ ತಳಕ್ಕೆ ಹಚ್ಚುವ, ಒಣಗಿದಾಗ ತುಸು ತರಿತರಿಯಾಗುವ ಬಿಳಿಯ ಲೇಪ. ಅದರ ಮೇಲೆ ನೀರಿನ ಬಣ್ಣ ಮೊದಲು, ಒಣಗಿದರೆ ಪ್ಲಾಸ್ಟಿಕ್ಕಿನಂಥ ಪದರವಾಗುವ ಅಕ್ರಿಲಿಕ್ ಬಣ್ಣ ನಂತರ, ಎಣ್ಣೆಯಂಶವುಳ್ಳ ಪಾಸ್ಟೆಲ್ ಕಡ್ಡಿ ಕೊನೆಗೆ. ಪಾಸ್ಟೆಲ್ ಮೇಲೆ ನೀರಿನ ಬಣ್ಣ ಕೂರುವುದಿಲ್ಲ. ಪ್ರತಿ ಪದರವೂ ಒಣಗಿದ ಮೇಲೆಯೇ ಮುಂದಿನದು. ಅಕ್ರಿಲಿಕ್ ಮುಟ್ಟಿದರೆ ಒಣಗಿದಂತಿದ್ದರೂ ಒತ್ತಡ ಬಿದ್ದರೆ, ಬಿಸಿ ತಾಗಿದರೆ ಅಂಟಿಕೊಳ್ಳುವ ಗುಣ ಅದಕ್ಕಿದೆ. ನಾನು ಅಂಥ ಎರಡು ಪುಟಗಳನ್ನು ಮುಖಾಮುಖಿ ಮುಚ್ಚಿ ಪುಸ್ತಕಗಳ ಕೆಳಗಿಟ್ಟು, ಬೇರ್ಪಡಿಸಲು ಹೋಗಿ ಎರಡರ ಚರ್ಮವನ್ನೂ ಸುಲಿದುಹಾಕಿದ್ದೇನೆ. ಪುಸ್ತಕವನ್ನು ಕೆಲವು ದಿನ ತೆರೆದು ನಿಲ್ಲಿಸಿ, ಆಮೇಲೂ ನಡುವೆ ಬಟರ್ ಪೇಪರನ್ನು ಇಟ್ಟಿರಬೇಕು.

ಬಹುಕಾಲ ಉಳಿಯಬೇಕಾದ ಪುಟಗಳಿಗೆ ಸುದ್ದಿಪತ್ರಿಕೆಯ ತುಣುಕನ್ನೇ ಅಂಟಿಸದೆ ಅದರ ಪ್ರತಿ ತೆಗೆಸಿ ಅಂಟಿಸಿ. ಆ ಕಾಗದದಲ್ಲಿ ಉಳಿದಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಬೇಗ ಹಳದಿಯಾಗುತ್ತದೆ. ಹೂವನ್ನು ಎರಡು ಮೂರು ವಾರ ಹೀರುಕಾಗದದ ನಡುವೆ ಭಾರದಡಿ ಒಣಗಿಸಿಯೇ ಬಳಸಬೇಕು. ಶಾಯಿ ಕೊಳ್ಳುವಾಗ ಪಿಗ್ಮೆಂಟ್ ಶಾಯಿ (ಬಣ್ಣದ ನುಣ್ಣನೆಯ ಕಣಗಳಿರುವ ಶಾಯಿ) ಎಂದು ಬರೆದಿರುವುದನ್ನು ಆರಿಸಿ, ಸಾಮಾನ್ಯವಾಗಿ ಅದು ಬಣ್ಣ ಕರಗಿಸಿ ಮಾಡಿದ ಡೈ ಶಾಯಿಗಿಂತ ನಿಧಾನವಾಗಿ ಮಾಸುತ್ತದೆ.

ಲಕೋಟೆಯ ಚೌಕ ಕತ್ತರಿಸಿದ ಮೇಲೆ ಎ4 ಹಾಳೆಯಲ್ಲಿ 87 ಮಿಲಿಮೀಟರ್ ಅಗಲದ ಪಟ್ಟಿಯೊಂದು ಉಳಿಯುತ್ತದೆ. ನಾನು ಅದನ್ನು ಜರ್ನಲ್ಲಿಗೆ ಅಂಟಿಸಿ, ಅದರ ಮೇಲೆ ಆ ದಿನದ ಕಾರ್ಡಿಗೆ ಬಳಸಿದ ಬಣ್ಣಗಳ ಒಂದೊಂದು ಗೀರನ್ನು ಎಳೆದು, ಕೆಳಗೆ ಕಾಗದದ ಹೆಸರು, ಜಿಎಸ್‌ಎಂ, ನಾರಿನ ದಿಕ್ಕಿಗೊಂದು ಬಾಣದ ಗುರುತು, ದಿನಾಂಕ ಮತ್ತು ಕಾರ್ಡು ಯಾರಿಗೆ ಹೋಯಿತು ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.