ನಿಂತ ಕಾರಿಗೂ ಡ್ಯಾಶ್‌ಕ್ಯಾಮ್ ಕಾವಲು: ಬ್ಯಾಟರಿ ಡೌನ್ ಆಗದಂತೆ ವಿದ್ಯುತ್ ಕೊಡುವುದು ಹೇಗೆ?

ಬೆಳಿಗ್ಗೆ ಮೈಸೂರು ರೈಲು ನಿಲ್ದಾಣದ ಬಳಿ ಕಾರು ನಿಲ್ಲಿಸಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರು, ಕುವೆಂಪುನಗರ, ಸರಸ್ವತಿಪುರಂಗಳಲ್ಲಿ ಕಾಂಪೌಂಡಿನೊಳಗೆ ಜಾಗವಿಲ್ಲದೆ ರಾತ್ರಿಯಿಡೀ ರಸ್ತೆಬದಿಯಲ್ಲೇ ವಾಹನ ಬಿಡುವವರು, ದಸರಾ ದಿನಗಳಲ್ಲಿ ಸಿಕ್ಕ ಜಾಗದಲ್ಲಿ ನಿಲ್ಲಿಸಿ ಅರಮನೆಯತ್ತ ನಡೆಯುವವರು, ಎಲ್ಲರಿಗೂ ಒಂದೇ ಆತಂಕ: ಮರಳಿ ಬರುವಷ್ಟರಲ್ಲಿ ಯಾರಾದರೂ ಬಂಪರ್ ಗೀಚಿ ಹೋಗಿದ್ದರೆ ಕೇಳುವುದು ಯಾರನ್ನು? ಮುಂಗಾಜಿನ ಬಳಿ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಇದೆಯಲ್ಲ ಎಂದು ನೆಮ್ಮದಿಯಿಂದಿರುವವರು ಗಮನಿಸಬೇಕಾದ ಸಂಗತಿಯೊಂದಿದೆ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿದ ಕ್ಯಾಮೆರಾ ಬಹುತೇಕ ಕಾರುಗಳಲ್ಲಿ ಕೀ ಆಫ್ ಮಾಡಿದ ಕೂಡಲೇ ಆರಿಹೋಗುತ್ತದೆ. ನಿಂತ ಕಾರಿನಲ್ಲೂ ಅದು ಎಚ್ಚರವಿರಬೇಕಾದರೆ ಪ್ರತ್ಯೇಕ ವೈರಿಂಗ್ ಬೇಕು, ಆ ವೈರಿಂಗ್ ಮರುದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಗುವಷ್ಟು ವಿದ್ಯುತ್ತನ್ನು ಬ್ಯಾಟರಿಯಲ್ಲಿ ಉಳಿಸಲೂ ಬೇಕು. ಈ ಎರಡನೆಯ ಮಾತೇ ಮುಖ್ಯವಾದದ್ದು. ಕ್ಯಾಮೆರಾದ ಬೆಲೆ, ಬ್ರ್ಯಾಂಡ್‌ಗಳೆಲ್ಲ ಅದರ ನಂತರ.

ಮೊದಲು ಲೆಕ್ಕ

ಸಾಮಾನ್ಯ ಡ್ಯಾಶ್‌ಕ್ಯಾಮ್ 2ರಿಂದ 5 ವ್ಯಾಟ್ ಬಳಸುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ನೋಡಿದರೆ ಇದು ಸುಮಾರು 0.2ರಿಂದ 0.4 ಆಂಪಿಯರ್. ಗಂಟೆಗೆ 0.3 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1 ಆಂಪಿಯರ್-ಅವರ್) ಎಂದಿಟ್ಟುಕೊಂಡರೆ ರಾತ್ರಿಯ ಹತ್ತು ಗಂಟೆಗೆ 3, ಒಂದು ಇಡೀ ದಿನಕ್ಕೆ 7ಕ್ಕಿಂತ ಸ್ವಲ್ಪ ಹೆಚ್ಚು ಆಂಪಿಯರ್-ಅವರ್ ಖರ್ಚಾಗುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ 35 ಆಂಪಿಯರ್-ಅವರ್ ಬ್ಯಾಟರಿಗೆ ಇದೇನು ಮಹಾ ಎನಿಸಬಹುದು. ಆದರೆ ಆ 35 ಎಂಬುದು ಹೊಸ, ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಲೆಕ್ಕ. ಮೂರು ವರ್ಷ ಹಳೆಯದಾದ, ದಿನವೂ ಮನೆಯಿಂದ ದೇವರಾಜ ಮಾರುಕಟ್ಟೆಯವರೆಗೆ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುವ ಕಾರಿನ ಬ್ಯಾಟರಿ ಪೂರ್ತಿ ತುಂಬುವುದೇ ಅಪರೂಪ. ಕಾರಿನ ಬ್ಯಾಟರಿಯನ್ನು ರೂಪಿಸಿರುವುದು ಕ್ಷಣಕಾಲ ಭಾರೀ ವಿದ್ಯುತ್ ಕೊಟ್ಟು ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ. ಪದೇ ಪದೇ ಆಳಕ್ಕೆ ಬರಿದಾದರೆ ಅದರ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಯಸ್ಸು ಕುಗ್ಗುತ್ತದೆ. ಆದ್ದರಿಂದ ಕಾಗದದ ಮೇಲಿನ ಲೆಕ್ಕದ ಅರ್ಧವನ್ನಷ್ಟೇ ನಂಬುವುದು ಕ್ಷೇಮ.

ಬೇಕಾದ ಸಾಮಾನು

ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಹಾರ್ಡ್‌ವೈರ್ ಕಿಟ್ (ಕ್ಯಾಮೆರಾವನ್ನು ಫ್ಯೂಸ್ ಬಾಕ್ಸ್‌ಗೆ ಜೋಡಿಸುವ ವೈರಿಂಗ್), ಎರಡು ಫ್ಯೂಸ್ ಟ್ಯಾಪ್ (ಫ್ಯೂಸ್‌ನ ಜಾಗದಲ್ಲಿ ಕೂತು ಇನ್ನೊಂದು ವೈರ್‌ಗೂ ವಿದ್ಯುತ್ ಕೊಡುವ ತುಣುಕು), ವೋಲ್ಟೇಜ್ ಅಳೆಯಲು ಒಂದು ಡಿಜಿಟಲ್ ಮಲ್ಟಿಮೀಟರ್ ಮತ್ತು ಪ್ಲಾಸ್ಟಿಕ್ ಟ್ರಿಮ್ ತೆಗೆಯುವ ಚಪ್ಪಟೆ ಉಪಕರಣ ಇದ್ದರೆ ಸಾಕು. ಕಿಟ್‌ನ ಒಳಗಿನ ಪುಟ್ಟ ಪೆಟ್ಟಿಗೆ 12 ವೋಲ್ಟನ್ನು ಕ್ಯಾಮೆರಾಕ್ಕೆ ಬೇಕಾದ 5 ವೋಲ್ಟ್‌ಗೆ ಇಳಿಸುತ್ತದೆ, ಬ್ಯಾಟರಿ ನಿಗದಿತ ಮಟ್ಟಕ್ಕೆ ಇಳಿದಾಗ ತಾನೇ ಸಂಪರ್ಕ ಕಡಿಯುತ್ತದೆ. ಈ ಕಟ್-ಆಫ್ ಸೌಲಭ್ಯವಿಲ್ಲದ ಅಗ್ಗದ ಕಿಟ್‌ಗಳೂ ಮಾರುಕಟ್ಟೆಯಲ್ಲಿವೆ, ಅವನ್ನು ಕೊಳ್ಳಲೇಬೇಡಿ. ಫ್ಯೂಸ್‌ಗಳಲ್ಲಿ ಮಿನಿ, ಲೋ-ಪ್ರೊಫೈಲ್ ಮಿನಿ, ಮೈಕ್ರೊ ಎಂಬ ಬೇರೆ ಬೇರೆ ಅಳತೆಗಳಿರುವುದರಿಂದ ನಿಮ್ಮ ಕಾರಿನ ಒಂದು ಫ್ಯೂಸನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು.

ಫ್ಯೂಸ್ ಬಾಕ್ಸ್‌ನಲ್ಲಿ

ಕಿಟ್‌ನಿಂದ ಸಾಮಾನ್ಯವಾಗಿ ಮೂರು ವೈರ್ ಹೊರಬರುತ್ತವೆ: ಸದಾ ವಿದ್ಯುತ್ ಇರುವ ಕಡೆಗೆ ಹಳದಿ, ಕೀ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ಕಡೆಗೆ ಕೆಂಪು, ಬಾಡಿ ಅರ್ಥ್‌ಗೆ, ಅಂದರೆ ಕಾರಿನ ಲೋಹದ ಮೈಗೆ, ಕಪ್ಪು. ಬಣ್ಣಗಳು ತಯಾರಕರಿಂದ ತಯಾರಕರಿಗೆ ಬದಲಾಗಬಹುದಾದ್ದರಿಂದ ಕಿಟ್‌ನ ಕೈಪಿಡಿ ನೋಡಿಯೇ ಮುಂದುವರಿಯಿರಿ. ಕೆಂಪು ವೈರ್‌ನಲ್ಲಿ ವಿದ್ಯುತ್ ನಿಂತಿತೆಂದರೆ ಕಾರು ನಿಂತಿತೆಂದು ಅರಿತು ಕ್ಯಾಮೆರಾ ಪಾರ್ಕಿಂಗ್ ಮೋಡ್‌ಗೆ ಹೋಗುತ್ತದೆ, ಆಮೇಲೆ ಹಳದಿಯ ಮೂಲಕ ಉಸಿರಾಡುತ್ತದೆ.

ಕಾರಿನ ಕೈಪಿಡಿ ನೋಡಿ ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಬಾಕ್ಸ್ ಎಲ್ಲಿದೆಯೆಂದು ಪತ್ತೆ ಮಾಡಿ. ಹಳದಿಗೆ ಒಳದೀಪ ಅಥವಾ ಡೋರ್ ಲಾಕ್‌ನ ಫ್ಯೂಸ್, ಕೆಂಪಿಗೆ ಪವರ್ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ ಹೊಂದುತ್ತವೆ. ಏರ್‌ಬ್ಯಾಗ್, ಎಬಿಎಸ್ ಬ್ರೇಕ್, ಎಂಜಿನ್ ನಿಯಂತ್ರಿಸುವ ಇಸಿಯುಗಳಿಗೆ ಸೇರಿದ ಫ್ಯೂಸ್‌ಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಬಣ್ಣವಿಲ್ಲದ ಲೋಹದ ಬೋಲ್ಟ್‌ಗೆ ಒತ್ತಿ, ಕೆಂಪು ಕಡ್ಡಿಯ ಮೊನೆಯನ್ನು ಫ್ಯೂಸ್‌ನ ನೆತ್ತಿಯಲ್ಲಿ ಕಾಣುವ ಎರಡು ಪುಟ್ಟ ಲೋಹದ ಚುಕ್ಕೆಗಳಿಗೆ ಮುಟ್ಟಿಸಿದರೆ ಫ್ಯೂಸ್ ಕೀಳದೆಯೇ ವೋಲ್ಟೇಜ್ ತಿಳಿಯುತ್ತದೆ. ಇಲ್ಲಿ ತಾಳ್ಮೆ ಬೇಕು. ಈಗಿನ ಕಾರುಗಳಲ್ಲಿ ಕೆಲವು ಫ್ಯೂಸ್‌ಗಳು ಕೀ ತೆಗೆದ ಮೇಲೂ ಸ್ವಲ್ಪ ಹೊತ್ತು ವಿದ್ಯುತ್ ತೋರಿಸಿ, ಕಾರು ಲಾಕ್ ಆಗಿ ಪೂರ್ತಿ ನಿದ್ರೆಗೆ ಜಾರಿದ ಮೇಲೆ ಸತ್ತುಹೋಗುತ್ತವೆ. ಇಂತಹ ಫ್ಯೂಸನ್ನು ಸದಾ ವಿದ್ಯುತ್ ಇರುವುದೆಂದು ನಂಬಿ ಹಳದಿ ವೈರ್ ಕೊಟ್ಟರೆ, ಹಗಲಲ್ಲಿ ಎಲ್ಲ ಸರಿಯಾಗಿದ್ದು ರಾತ್ರಿಯ ರೆಕಾರ್ಡಿಂಗ್ ಮಾತ್ರ ಕಾಣೆಯಾಗಿರುತ್ತದೆ. ಆದ್ದರಿಂದ ಫ್ಯೂಸ್ ಬಾಕ್ಸ್‌ನ ಮುಚ್ಚಳ ತೆಗೆದಿಟ್ಟು, ಕಿಟಕಿಯ ಗಾಜು ಇಳಿಸಿ, ಕಾರನ್ನು ಲಾಕ್ ಮಾಡಿ, ಅರ್ಧ ಗಂಟೆ ಬಿಟ್ಟು ಬಾಗಿಲು ತೆರೆಯದೆ ಕಿಟಕಿಯಿಂದಲೇ ಇನ್ನೊಮ್ಮೆ ಅಳೆಯಿರಿ.

ಫ್ಯೂಸ್ ಟ್ಯಾಪ್‌ನಲ್ಲಿ ಕಾರಿನ ಮೂಲ ಫ್ಯೂಸ್‌ಗೆ ಒಂದು ಮನೆ, ಕ್ಯಾಮೆರಾದ ಫ್ಯೂಸ್‌ಗೆ ಇನ್ನೊಂದು ಮನೆ ಇರುತ್ತದೆ. ಮೂಲ ಫ್ಯೂಸ್‌ನ ಆಂಪಿಯರ್ ಬದಲಿಸಬಾರದು. ಕ್ಯಾಮೆರಾಕ್ಕೆ ಕಿಟ್ ತಯಾರಕರು ಸೂಚಿಸಿದ, ಸಾಮಾನ್ಯವಾಗಿ 2 ಅಥವಾ 3 ಆಂಪಿಯರ್ ಫ್ಯೂಸ್ ಹಾಕಿ. ಟ್ಯಾಪ್‌ನ ದಿಕ್ಕೂ ಮುಖ್ಯ. ಮೂಲ ಫ್ಯೂಸನ್ನು ಕಿತ್ತು ಅದರ ಎರಡು ಸೀಳುಗಳನ್ನು ಅಳೆದರೆ ಒಂದರಲ್ಲಿ ಮಾತ್ರ 12 ವೋಲ್ಟ್ ಕಾಣುತ್ತದೆ. ಇತ್ತ ಟ್ಯಾಪನ್ನು ಕೈಯಲ್ಲಿ ಹಿಡಿದು, ಕ್ಯಾಮೆರಾದ ಫ್ಯೂಸನ್ನಷ್ಟೇ ಕೂರಿಸಿ, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನದಲ್ಲಿಟ್ಟು ಟ್ಯಾಪ್‌ನ ವೈರ್ ತುದಿಗೂ ಅದರ ಒಂದೊಂದು ಕಾಲಿಗೂ ಮುಟ್ಟಿಸಿ. ಸದ್ದು ಮಾಡಿದ ಕಾಲು 12 ವೋಲ್ಟ್ ಕಂಡ ಸೀಳಿಗೆ ಹೋಗಬೇಕು. ತಿರುಗಾಮುರುಗಾ ಹಾಕಿದರೂ ಕ್ಯಾಮೆರಾ ಓಡುತ್ತದೆ, ಆದರೆ ಅದರ ಹೊರೆಯೂ ಮೂಲ ಫ್ಯೂಸ್‌ನ ಮೇಲೆಯೇ ಬೀಳುತ್ತದೆ. ಹೀಗೆ ಮಾಡುವುದರಲ್ಲಿ ಕಾರಿನ ಒಂದು ವೈರನ್ನೂ ಕತ್ತರಿಸುವ ಪ್ರಮೇಯವಿಲ್ಲ. ವೈರಿನ ಸಿಪ್ಪೆ ಸುಲಿದು ಟೇಪ್ ಸುತ್ತಿ ಜೋಡಿಸಿಕೊಡುತ್ತೇನೆ ಎನ್ನುವವರಿಗೆ ಕಾರು ಕೊಡದಿರುವುದೇ ಲೇಸು.

ಕಪ್ಪು ವೈರನ್ನು ಕಾರಿನ ಲೋಹದ ಮೈಗೆ ನೇರವಾಗಿ ಸೇರಿದ ಬೋಲ್ಟ್‌ಗೆ ಬಿಗಿಯಾಗಿ ಕೂರಿಸಿ. ಕ್ಯಾಮೆರಾದ ಕೇಬಲನ್ನು ಗಾಜಿನ ಮೇಲಂಚಿನ ಬಟ್ಟೆಯೊಳಗೆ ಬೆರಳಿನಿಂದ ಒತ್ತುತ್ತ ಪಕ್ಕದ ಕಂಬದವರೆಗೆ ತನ್ನಿ. ಆ ಕಂಬದೊಳಗೆ ಪಕ್ಕದ ಗಾಜಿಗೆ ಪರದೆಯಂತೆ ಬಿಚ್ಚಿಕೊಳ್ಳುವ ಕರ್ಟನ್ ಏರ್‌ಬ್ಯಾಗ್ ಇದ್ದರೆ ಕೇಬಲ್ ಅದರ ಹಿಂಬದಿಯಿಂದಲೇ ಇಳಿಯಬೇಕು. ಏರ್‌ಬ್ಯಾಗ್‌ನ ಮುಂದೆ ಹಾದ ಕೇಬಲ್ ಅಪಘಾತದ ಹೊತ್ತಿನಲ್ಲಿ ಅದರ ದಾರಿಗೆ ಅಡ್ಡವಾಗಬಹುದು. ಈ ಒಂದು ಹಂತದಲ್ಲಿ ಅನುಮಾನವಿದ್ದರೆ ಅನುಭವವುಳ್ಳ ಆಟೊ ಎಲೆಕ್ಟ್ರಿಷಿಯನ್ ಬಳಿ ಮಾಡಿಸಿ, ಪಕ್ಕದಲ್ಲೇ ನಿಂತು ನೋಡಿ.

ಕಟ್-ಆಫ್ ಎಷ್ಟಿರಬೇಕು?

ವಿಶ್ರಾಂತಿಯಲ್ಲಿರುವ ಸೀಸ-ಆಮ್ಲ ಬ್ಯಾಟರಿ ಪೂರ್ತಿ ತುಂಬಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಮುಕ್ಕಾಲು, 12.2ಕ್ಕೆ ಸುಮಾರು ಅರ್ಧ, 12.0ಕ್ಕೆ ಕಾಲುಭಾಗವಷ್ಟೇ ಉಳಿದಿದೆಯೆಂದು ತಿಳಿಯಬಹುದು. ಹೆಚ್ಚು ಹೊತ್ತು ರೆಕಾರ್ಡಿಂಗ್ ಸಿಗಲೆಂದು 11.8 ಅಥವಾ 12.0 ಆರಿಸಿಕೊಳ್ಳುವವರಿದ್ದಾರೆ, ಅದು ಬ್ಯಾಟರಿಯನ್ನು ಒತ್ತೆಯಿಟ್ಟು ವೀಡಿಯೊ ಪಡೆದಂತೆ. ನನ್ನ ಸಲಹೆ 12.4. ಹೊಸ ಬ್ಯಾಟರಿಯಿದ್ದು ದಿನವೂ ಮೈಸೂರು–ಮಂಡ್ಯ ನಡುವೆ ಓಡಾಡುವಂತಹ ದೀರ್ಘ ಓಟವಿದ್ದರೆ ಮಾತ್ರ 12.2ಕ್ಕೆ ಇಳಿಸಬಹುದು. ಕಿಟ್‌ನಲ್ಲಿ ಗಂಟೆಗಳ ಮಿತಿಯೂ ಇದ್ದರೆ ಅದನ್ನೂ ಜೊತೆಗೆ ಬಳಸಿ.

ಮೋಡ್‌ನ ಆಯ್ಕೆಯಿಂದಲೂ ಉಳಿತಾಯವಿದೆ. ಬಿಟ್ಟು ಬಿಟ್ಟು ಚಿತ್ರ ಹಿಡಿಯುವ ಟೈಮ್ ಲ್ಯಾಪ್ಸ್‌ನಲ್ಲಿ ಕ್ಯಾಮೆರಾ ಎಚ್ಚರವಾಗಿಯೇ ಇರುವುದರಿಂದ ಕಾರ್ಡ್‌ನಲ್ಲಿ ಜಾಗ ಉಳಿಯುತ್ತದೆಯೇ ಹೊರತು ವಿದ್ಯುತ್ ಅಷ್ಟಾಗಿ ಉಳಿಯುವುದಿಲ್ಲ. ತಟ್ಟಿದಾಗ ಮಾತ್ರ ಎಚ್ಚರಗೊಳ್ಳುವ ಮೋಡ್‌ನಲ್ಲಿ ಖರ್ಚು ತೀರಾ ಕಡಿಮೆ, ಆದರೆ ಎದ್ದು ರೆಕಾರ್ಡ್ ಶುರುಮಾಡುವಷ್ಟರಲ್ಲಿ ಗುದ್ದಿದ ಕ್ಷಣವೇ ತಪ್ಪಿಹೋಗಬಹುದು. ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲಕ್ಕೆ ತುಂಬಿದ ಟ್ರ್ಯಾಕ್ಟರ್‌ಗಳು ಓಡುವ ರಸ್ತೆಬದಿ ಕಾರು ನಿಲ್ಲುವುದಾದರೆ ಸೆನ್ಸರ್‌ನ ಸೂಕ್ಷ್ಮತೆಯನ್ನು ತಗ್ಗಿಸದಿದ್ದರೆ ಪ್ರತಿ ಅದುರಿಗೂ ಒಂದೊಂದು ಫೈಲ್ ಸೇರಿ ಕಾರ್ಡ್ ತುಂಬಿಬಿಡುತ್ತದೆ.

ದಿನಗಟ್ಟಲೆ ರೆಕಾರ್ಡಿಂಗ್ ಬೇಕೇಬೇಕೆನ್ನುವವರಿಗೆ ಡ್ಯಾಶ್‌ಕ್ಯಾಮ್‌ಗೆಂದೇ ತಯಾರಾದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಪ್ಯಾಕ್ ಇದೆ. ಕಾರು ಓಡುವಾಗ ತುಂಬಿಕೊಂಡು, ನಿಂತಾಗ ಕಾರಿನ ಬ್ಯಾಟರಿಯ ಗೊಡವೆಗೇ ಹೋಗುವುದಿಲ್ಲ, ಬೆಲೆ ಮಾತ್ರ ದುಬಾರಿ. ಮೊಬೈಲ್‌ನ ಪವರ್ ಬ್ಯಾಂಕನ್ನು ಕಾರಿನಲ್ಲಿ ಬಿಟ್ಟು ಕೆಲಸ ಸಾಗಿಸುವುದು ಅಪಾಯಕಾರಿ. ಏಪ್ರಿಲ್ ಬಿಸಿಲಿಗೆ ನಿಂತ ಕಾರಿನ ಒಳಗೆ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಸುಲಭ, ಆ ಶಾಖಕ್ಕೆ ಪವರ್ ಬ್ಯಾಂಕಿನೊಳಗಿನ ಲಿಥಿಯಂ ಅಯಾನ್ ಬ್ಯಾಟರಿ ಉಬ್ಬಿ ಬೆಂಕಿ ಹತ್ತಲೂಬಹುದು. ಇದೇ ಕಾರಣಕ್ಕೆ ಒಳಗೆ ಬ್ಯಾಟರಿಯ ಬದಲು ಶಾಖ ತಾಳುವ ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾ ಮೇಲು. ಮೆಮೊರಿ ಕಾರ್ಡ್ ಸಹ ಸತತ ರೆಕಾರ್ಡಿಂಗ್ ತಾಳುವ ಹೈ ಎಂಡ್ಯೂರೆನ್ಸ್ ಬಗೆಯದ್ದಾಗಿರಲಿ.

ಎಲ್ಲ ಮುಗಿದ ಮೇಲೆ ಕಾರು ಲಾಕ್ ಮಾಡಿ, ಕೆಲವು ನಿಮಿಷ ಬಿಟ್ಟು ಬಂಪರನ್ನು ಅಂಗೈಯಿಂದ ಗಟ್ಟಿಯಾಗಿ ತಟ್ಟಿ, ಕಾರ್ಡ್‌ನಲ್ಲಿ ಆ ಫೈಲ್ ಉಳಿದಿದೆಯೇ ಎಂದು ಸ್ವತಃ ತೆರೆದು ನೋಡಿ. ಮೊದಲ ವಾರ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮುನ್ನ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಕಟ್-ಆಫ್‌ಗೆ ಇಟ್ಟ ಅಂಕಿಗಿಂತ ಸ್ಪಷ್ಟವಾಗಿ ಕೆಳಗಿದ್ದರೆ ಕಿಟ್ ಸರಿಯಾಗಿ ಕಡಿಯುತ್ತಿಲ್ಲ ಅಥವಾ ಬ್ಯಾಟರಿಯೇ ಸೊರಗಿದೆ, ಎರಡನ್ನೂ ಪರೀಕ್ಷಿಸಿ. ಕಾರನ್ನು ವಾರಗಟ್ಟಲೆ ಬಿಟ್ಟು ಊರಿಗೆ ಹೋಗುವುದಾದರೆ ಹಳದಿ ವೈರ್‌ನ ಟ್ಯಾಪ್‌ನಿಂದ ಕ್ಯಾಮೆರಾದ ಫ್ಯೂಸನ್ನು ಮಾತ್ರ ಕಿತ್ತು ಗ್ಲೋವ್ ಬಾಕ್ಸ್‌ನಲ್ಲಿಟ್ಟು ಹೋಗಿ.