ಎಡೆ ಇಟ್ಟು ಉಣ್ಣುವ ಅಭ್ಯಾಸ

ನಮ್ಮದು ದಾವಣಗೆರೆಯ ಹಳೇ ಊರಿನ ಕಡೆಯ ಮನೆ. ಭಾನುವಾರ ಬಂತೆಂದರೆ ಮಾಂಸದ ಅಡುಗೆ ಇದ್ದೇ ಇರುತ್ತದೆ. ಅದೇ ಮನೆಯಲ್ಲಿ ನಾನು ಬಾಡು ಬಿಟ್ಟು ವರ್ಷಗಳಾದವು. ಬಾಯಿಚಪಲ ಕೆಲವು ತಿಂಗಳು ಕಾಡಿತು, ಹೋಯಿತು. ನನ್ನನ್ನು ನಿಜವಾಗಿ ಬದಲಿಸಿದ್ದು ಆಮೇಲೆ ಶುರುವಾದ ಅಭ್ಯಾಸ: ದೇವರಿಗೆ ಎಡೆ ಇಡದೆ ಏನನ್ನೂ ಉಣ್ಣಬಾರದು.

ಎಲೆ, ಹೂವು, ಹಣ್ಣು, ನೀರು, ಇವುಗಳಲ್ಲಿ ಏನನ್ನು ಭಕ್ತಿಯಿಂದ ಕೊಟ್ಟರೂ ತೆಗೆದುಕೊಳ್ಳುತ್ತೇನೆ ಅಂತ ಕೃಷ್ಣ ಗೀತೆಯ 9ನೇ ಅಧ್ಯಾಯದಲ್ಲಿ ಹೇಳುತ್ತಾನೆ. ನಾಲ್ಕರಲ್ಲಿ ಯಾವುದಕ್ಕೂ ಪ್ರಾಣಿಯ ರಕ್ತ ಬೇಡ. ನನಗೆ ಅಷ್ಟು ಸಾಕಾಯಿತು.

ಬೆಳಿಗ್ಗೆ ಸ್ನಾನ ಮಾಡಿ ಒಲೆ ಹಚ್ಚುತ್ತೇನೆ. ಎರಡು ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಎಡೆ ಆಗುವ ತನಕ ರುಚಿ ನೋಡುವ ಹಾಗಿಲ್ಲ. ಹಾಗಾಗಿ ಉಪ್ಪು ಎಷ್ಟು ಅಂತ ಬೆರಳಿಗೇ ಗೊತ್ತಾಗಬೇಕು. ಒಗ್ಗರಣೆ ಘಮ ಬಂದಾಗ, ಕಾಳು ಕುದಿಯುವ ಸದ್ದು ಬದಲಾದಾಗ ಗಮನ ಅಲ್ಲೇ ಇರಬೇಕು. ಫೋನು ಹತ್ತಿರ ಇದ್ದರೆ ಇದು ಆಗುವುದಿಲ್ಲ, ಆಚೆ ಇಟ್ಟು ಬರುತ್ತೇನೆ. ಜಪಕ್ಕೆ ಕೂತರೆ ನನ್ನ ಮನಸ್ಸು ಇಷ್ಟು ನಿಲ್ಲುವುದಿಲ್ಲ. ಉಂಡ ಅನ್ನದ ಅತಿ ಸೂಕ್ಷ್ಮ ಭಾಗವೇ ಮನಸ್ಸಾಗುತ್ತದೆ ಅಂತ ಛಾಂದೋಗ್ಯ ಉಪನಿಷತ್ತು ಹೇಳುತ್ತದೆ. ಸಿಟ್ಟಿನಲ್ಲಿ ಬಡಿದ ರೊಟ್ಟಿಯನ್ನು ದೇವರ ಮುಂದೆ ಇಡೋಕೆ ಕೈ ಬರುವುದಿಲ್ಲ. ಅದಕ್ಕೇ ಮೊದಲು ಸಿಟ್ಟು ಇಳಿಸಿಕೊಂಡು ಆಮೇಲೆ ಹಿಟ್ಟು ಕಲಸುತ್ತೇನೆ.

ಮಾಂಸ ಬಿಟ್ಟರೆ ಸಾತ್ವಿಕ ಆದ ಹಾಗೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಗೀತೆಯ 17ನೇ ಅಧ್ಯಾಯದಲ್ಲಿ ಊಟದ ಬಗ್ಗೆ ಮೂರು ಶ್ಲೋಕ ಇವೆ. ಅವುಗಳಲ್ಲಿ ಮಾಂಸದ ಹೆಸರೇ ಬರುವುದಿಲ್ಲ. ತೀರಾ ಖಾರ, ತೀರಾ ಉಪ್ಪು ರಾಜಸ ಅಂತ, ಹಳಸಿದ್ದು, ಎಂಜಲು ತಾಮಸ ಅಂತ ಬರುತ್ತವೆ. ನಮ್ಮೂರಿನ ಮಂಡಕ್ಕಿ-ಮಿರ್ಚಿಯನ್ನು ಸಂಜೆ ಸಂಜೆ ಹೊಟ್ಟೆ ಬಿರಿಯ ತಿಂದರೆ ಅದೂ ರಾಜಸವೇ, ಅಲ್ವಾ? ನಾನು ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೇನೆ.

"ಗಿಡಕ್ಕೂ ಜೀವ ಇದೆಯಲ್ಲ?" ಅಂತ ಕೇಳುವವರು ಜಾಸ್ತಿ. ಇದೆ. ಇದನ್ನು ನಮ್ಮ ಹಿರಿಯರು ಮುಚ್ಚಿಟ್ಟಿಲ್ಲ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ, ಈ ಐದರಿಂದಲೂ ಸಂಸಾರಸ್ಥರ ಮನೆಯಲ್ಲಿ ಜೀವಹಾನಿ ಆಗುತ್ತದೆ ಅಂತ ಮನುಸ್ಮೃತಿ ಹೇಳುತ್ತದೆ. ಪಂಚಸೂನ ಅನ್ನುವುದು ಇದಕ್ಕೇ. ಇದರ ಪರಿಹಾರಕ್ಕೆ ದಿನಾ ಮಾಡಬೇಕಾದ ಐದು ಯಜ್ಞಗಳನ್ನೂ ಹೇಳಿದೆ. ಪ್ರಾಣಿಗಳಿಗೆ ಅನ್ನ ಹಾಕುವುದು, ಬಂದವರಿಗೆ ಉಣಬಡಿಸುವುದು ಅದರಲ್ಲಿ ಸೇರಿವೆ. ಇದನ್ನು ಓದಿದ ಮೇಲೆ ಸಸ್ಯಾಹಾರಿ ಅಂತ ಎದೆ ಉಬ್ಬಿಸುವುದಕ್ಕೆ ಏನೂ ಉಳಿಯಲಿಲ್ಲ. ನನ್ನ ಅಡುಗೆಮನೆಗೂ ಸಾಲ ಇದೆ. ಆದಷ್ಟು ಕಡಿಮೆ ನೋವು ಕೊಟ್ಟು, ಸಿಕ್ಕಿದ್ದನ್ನು ಹಂಚಿ ಉಣ್ಣಬೇಕು. ತನಗಷ್ಟೇ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ ಅನ್ನುವ ಮಾತು ಗೀತೆಯಲ್ಲೇ ಇದೆ. ಅದಕ್ಕೇ ಒಂದು ರೊಟ್ಟಿ ಯಾವಾಗಲೂ ಜಾಸ್ತಿ ಬಡಿಯುತ್ತೇನೆ. ಬೀದಿಯ ಹಸುವೋ, ಹೊತ್ತಿಗೆ ಬಂದ ನೆಂಟರೋ, ಯಾರಾದರೂ ಇದ್ದೇ ಇರುತ್ತಾರೆ.

ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಊರಿಗೆ ಊರೇ ನೆಂಟರಿಂದ ತುಂಬುತ್ತದೆ. ನಮ್ಮನೆಯಲ್ಲಿ ಮೊದಲು ಹೋಳಿಗೆ ಎಡೆ, ಮಾರನೆಯ ದಿನ ಬಾಡೂಟ. ಅವ್ವ ಮೊದಲ ಸಲ ಬೇಜಾರಿನಿಂದಲೇ ಕೇಳಿದ್ದಳು: "ತಾಯಿ ಹಬ್ಬದಾಗೂ ಉಣ್ಣಂಗಿಲ್ಲೇನವ್ವ?" ಅವಳ ಭಕ್ತಿ ನನ್ನದಕ್ಕಿಂತ ಒಂದು ತೂಕವೂ ಕಡಿಮೆ ಇಲ್ಲ. ಅವಳ ಜೊತೆ ವಾದ ಮಾಡಲಿಲ್ಲ. ಈಗ ಹೋಳಿಗೆ ಪೂರ್ತಿ ನನ್ನ ಜವಾಬ್ದಾರಿ. ಕಡ್ಲೆಬೇಳೆ ಬೇಯಿಸಿ, ಬೆಲ್ಲ ಹಾಕಿ, ಹೂರಣ ರುಬ್ಬುವುದರಿಂದ ಹಿಡಿದು ಕಟ್ಟಿನ ಸಾರಿನ ತನಕ ನಾನೇ ಮಾಡುತ್ತೇನೆ. ಮಾರನೆಯ ದಿನ ಬಂದವರಿಗೆಲ್ಲ ಎಲೆ ಹಾಕಿ, ನೀರು ಕೊಟ್ಟು, ಕೊನೆಗೆ ಉಳಿದ ಹೋಳಿಗೆ ಬಿಸಿ ಮಾಡಿಕೊಂಡು ಅವರ ಪಕ್ಕದಲ್ಲೇ ಕೂರುತ್ತೇನೆ. ಅವ್ವನೇ ತುಪ್ಪ ಬಡಿಸುತ್ತಾಳೆ.