ನಿದ್ದೆ ಬರಬೇಕೇ? ಹಾಸಿಗೆಯಲ್ಲಿರುವ ಹೊತ್ತು ಕಡಿಮೆ ಮಾಡಿ

‘ರಾತ್ರಿ ನಿದ್ದೆಯೇ ಇಲ್ಲ’ ಎನ್ನುವವರಿಗೆಲ್ಲ ಒಂದೇ ತೊಂದರೆ ಇರುವುದಿಲ್ಲ. ಮಲಗಿದರೂ ನಿದ್ದೆ ಹತ್ತದೆ ಹೊರಳಾಡುವವರು ಒಂದು ಬಗೆ. ಎಂಟು ಗಂಟೆ ಗೊರಕೆ ಹೊಡೆದೂ ಬೆಳಿಗ್ಗೆ ತಲೆಭಾರ ಎನ್ನುವವರು, ಮಧ್ಯಾಹ್ನ ಮೀಟಿಂಗಿನಲ್ಲಿ ತೂಕಡಿಸುವವರು ಇನ್ನೊಂದು ಬಗೆ. ನಿದ್ದೆ ಬರುತ್ತದೆ, ಆದರೆ ಬರಬೇಕಾದ ಹೊತ್ತಿಗೆ ಬರುವುದಿಲ್ಲ ಎನ್ನುವ ರಾತ್ರಿಪಾಳಿಯವರು ಮೂರನೆಯವರು. ಒಬ್ಬರ ಮದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಗೊರಕೆಯ ನಡುವೆ ಉಸಿರು ಕಟ್ಟುವವರು ನಿದ್ದೆಮಾತ್ರೆ ನುಂಗಿದರೆ ಉಸಿರು ಇನ್ನಷ್ಟು ಹೊತ್ತು ಕಟ್ಟಬಹುದು.

ಹಾಗಾಗಿ ಮೊದಲು 14 ದಿನ ಬರೆದಿಡಿ. ಹಳೇ ನೋಟ್‌ಬುಕ್ ಸಾಕು. ಎಷ್ಟು ಹೊತ್ತಿಗೆ ಹಾಸಿಗೆಗೆ ಹೋದಿರಿ, ಸುಮಾರು ಎಷ್ಟಕ್ಕೆ ನಿದ್ದೆ ಹತ್ತಿತು, ನಡುವೆ ಎಷ್ಟು ಹೊತ್ತು ಎಚ್ಚರವಿದ್ದಿರಿ, ಎಷ್ಟಕ್ಕೆ ಎದ್ದಿರಿ, ಹಗಲು ಎಲ್ಲಿ ಜೋಂಪು ಹತ್ತಿತು, ಕಾಫಿ-ಟೀ ಎಷ್ಟು, ಮದ್ಯ ಎಷ್ಟು. ಇದನ್ನೆಲ್ಲ ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಿಂದ ಬರೆಯಿರಿ. ರಾತ್ರಿ ಗಡಿಯಾರ ನೋಡಿ ಬರೆಯಲು ಹೋದರೆ ಇರುವ ನಿದ್ದೆಯೂ ಹಾರುತ್ತದೆ. ಸ್ಮಾರ್ಟ್‌ವಾಚನ್ನು ಪೂರ್ತಿ ನಂಬಬೇಡಿ. ಅಲ್ಲಾಡದೆ ಎಚ್ಚರವಾಗಿ ಬಿದ್ದುಕೊಂಡಿದ್ದನ್ನೂ ಅದು ಎಷ್ಟೋ ಸಲ ನಿದ್ದೆಯ ಲೆಕ್ಕಕ್ಕೇ ಸೇರಿಸುತ್ತದೆ.

ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟಿದ್ದರೆ ಅದು ಬೇರೂರಿದ ನಿದ್ರಾಹೀನತೆ. ಇಂಥವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ನಿನ್ನೆ ನಿದ್ದೆ ಆಗಿಲ್ಲವೆಂದು ಇವತ್ತು ಒಂಬತ್ತೂವರೆಗೇ ಮಲಗುವುದು. ಎಚ್ಚರವಾಗಿದ್ದಷ್ಟೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತದೆ, ಹಸಿವು ಏರಿದ ಹಾಗೆ. ಅದು ಏರುವ ಮೊದಲೇ ಮಲಗಿದರೆ ಹೊರಳಾಟವೇ ಗತಿ. ತಿಂಗಳುಗಟ್ಟಲೆ ಹೀಗಾದರೆ ಹಾಸಿಗೆ ಕಂಡೊಡನೆ ಮೈ ಎಚ್ಚರಗೊಳ್ಳುವುದನ್ನು ಕಲಿತುಬಿಡುತ್ತದೆ. ಸೋಫಾದಲ್ಲಿ ಟಿವಿ ಮುಂದೆ ಕಣ್ಣು ಎಳೆಯುತ್ತಿದ್ದವರಿಗೆ ರೂಮಿಗೆ ಹೋದ ತಕ್ಷಣ ಕಣ್ಣು ಬಿಚ್ಚಿಕೊಳ್ಳುವುದು ಇದೇ ಕಾರಣಕ್ಕೆ.

ಈಗ ಲೆಕ್ಕ. ರಾತ್ರಿ 10.30ರಿಂದ ಬೆಳಿಗ್ಗೆ 6.30ರವರೆಗೆ, ಅಂದರೆ 8 ಗಂಟೆ ಹಾಸಿಗೆಯಲ್ಲಿದ್ದೀರಿ, ನಿದ್ದೆ ಸರಾಸರಿ ಐದೂವರೆ ಗಂಟೆ ಎಂದುಕೊಳ್ಳಿ. ಐದೂವರೆಯನ್ನು 8ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು ಶೇ 69, ಹಾಸಿಗೆಯ ಹೊತ್ತಿನಲ್ಲಿ ನಿದ್ದೆಯ ಪಾಲು ಇಷ್ಟೇ. ಇದು ಶೇ 85 ಮುಟ್ಟಬೇಕು. ಅದಕ್ಕೆ ನಿಜವಾಗಿ ಬರುವ ನಿದ್ದೆಗೆ ಅರ್ಧ ಗಂಟೆ ಸೇರಿಸಿ, ಹಾಸಿಗೆಯ ಹೊತ್ತನ್ನು 6 ಗಂಟೆಗೆ ಇಳಿಸಿ. ಏಳುವ ಹೊತ್ತು 6 ಎಂದು ಗಟ್ಟಿ ಮಾಡಿಕೊಂಡರೆ ಮಲಗುವುದು 12ಕ್ಕೆ, ಅದಕ್ಕೂ ಮುಂಚೆ ಅಲ್ಲ. ವಾರದ ಸರಾಸರಿ ಶೇ 85 ದಾಟಿದರೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ, ಅಂದರೆ 11.45ಕ್ಕೆ ತನ್ನಿ. ಶೇ 80ಕ್ಕಿಂತ ಕೆಳಗಿದ್ದರೆ 15 ನಿಮಿಷ ಮುಂದಕ್ಕೆ, 12.15ಕ್ಕೆ ಹಾಕಿ. ಹಾಸಿಗೆಯ ಹೊತ್ತನ್ನು 5 ಗಂಟೆಗಿಂತ ಕಡಿಮೆ ಮಾತ್ರ ಮಾಡಬೇಡಿ.

ಹಾಸಿಗೆಯಲ್ಲಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಹಾಲ್‌ಗೆ ಬನ್ನಿ. ಒಂದೇ ರೂಮಿನ ಮನೆಯಾದರೆ ಮೂಲೆಯ ಕುರ್ಚಿಯೇ ಹಾಲ್. ಮಂದ ಬೆಳಕಿನಲ್ಲಿ ಬೇಸರ ತರಿಸುವ ಕೆಲಸ ಹಿಡಿಯಿರಿ: ಬಟ್ಟೆ ಮಡಚಿ, ಅವರೆಕಾಯಿ ಕಾಲವಾದರೆ ಕಾಯಿ ಸುಲಿಯಿರಿ. ಮೊಬೈಲ್ ಬೇಡ. ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ ಹೋಗಿ.

ಕೆಡುವುದು ಎಲ್ಲಿ? ಮೊದಲ ವಾರ ಹಗಲಿನಲ್ಲಿ ಮೈಮೇಲೆ ಎಚ್ಚರವಿರುವುದಿಲ್ಲ, ಆಗಲೇ ಬಹಳ ಜನ ಕೈಬಿಡುತ್ತಾರೆ. ಭಾನುವಾರ ಒಂಬತ್ತರವರೆಗೆ ಮಲಗಿದರೆ ವಾರದ ದುಡಿಮೆ ನೀರಲ್ಲಿ ಹೋಮ. ಎಲ್ಲಕ್ಕಿಂತ ಕಳ್ಳ ನಿದ್ದೆಯೆಂದರೆ ಸಂಜೆಯದು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ಗೆ ಹೋಗುವ ಮೆಟ್ರೊದಲ್ಲಿ ಸಂಜೆ ಏಳಕ್ಕೆ ಹತ್ತಿದ ಅರ್ಧ ಗಂಟೆಯ ಜೋಂಪು ರಾತ್ರಿಯ ಒತ್ತಡವನ್ನು ಅಲ್ಲೇ ಖರ್ಚು ಮಾಡಿಬಿಡುತ್ತದೆ. ಸೀಟು ಸಿಕ್ಕರೂ ನಿಂತುಕೊಳ್ಳಿ. ತಡೆಯಲಾಗದಿದ್ದರೆ ಮಧ್ಯಾಹ್ನ 3ರ ಒಳಗೆ 20 ನಿಮಿಷ ಮಲಗಿ, ಅಲಾರಾಂ ಇಟ್ಟು.

ಮೂರ್ಛೆರೋಗ ಅಥವಾ ಬೈಪೋಲಾರ್ ಮನೋರೋಗ ಇರುವವರು, ಗರ್ಭಿಣಿಯರು, ಬಸ್ಸು-ಕ್ಯಾಬು ಓಡಿಸುವವರು ಈ ಕ್ರಮವನ್ನು ವೈದ್ಯರನ್ನು ಕೇಳದೆ ಹಿಡಿಯಬಾರದು.

ಕಾಫಿಯ ಮಾತು ಬಿಟ್ಟರೆ ಬೆಂಗಳೂರಿನ ಲೆಕ್ಕ ಪೂರ್ತಿಯಾಗದು. ಕುಡಿದ ಕೆಫೀನಿನ ಅರ್ಧ ಕರಗಲು ಸುಮಾರು 5–6 ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ರಾತ್ರಿ ಹತ್ತು-ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಕೊನೆಯ ಲೋಟ ಮಧ್ಯಾಹ್ನ 2ರ ಒಳಗೆ. ಬೈಟು ಮಾಡಿದರೆ ಕೆಫೀನು ಅರ್ಧವಾಗುತ್ತದೆ, ಆದರೆ ಐದು ಬೈಟು ಕುಡಿದರೆ ಅದು ಎರಡೂವರೆ ಲೋಟವೇ. ಮದ್ಯ ಬೇಗ ಮಲಗಿಸುತ್ತದೆ, ರಾತ್ರಿಯ ಎರಡನೇ ಅರ್ಧವನ್ನು ಚೂರು ಚೂರು ಮಾಡುತ್ತದೆ.

ಇನ್ನು ಗೊರಕೆಯವರು. ಜೋರು ಗೊರಕೆ, ಹಗಲು ಆಯಾಸ, ಉಸಿರು ನಿಂತದ್ದನ್ನು ಬೇರೆಯವರು ಕಂಡಿರುವುದು, ಬಿಪಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 35ಕ್ಕಿಂತ ಹೆಚ್ಚು, ವಯಸ್ಸು 50 ದಾಟಿರುವುದು, ಕತ್ತಿನ ಸುತ್ತಳತೆ 40 ಸೆಂ.ಮೀ.ಗಿಂತ ಹೆಚ್ಚು, ಗಂಡಸಾಗಿರುವುದು. ಈ ಎಂಟರಲ್ಲಿ ಮೂರಕ್ಕೆ ಹೌದು ಎಂದರೆ ನಿದ್ದೆಯ ಪರೀಕ್ಷೆ ಮಾಡಿಸಿ. ಕತ್ತು ಅಳೆಯಲು ದರ್ಜಿಯ ಟೇಪು ಸಾಕು. ಗಂಟೆಗೆ ಎಷ್ಟು ಸಲ ಉಸಿರು ಕಟ್ಟುತ್ತದೆ ಅಥವಾ ಇಳಿಯುತ್ತದೆ ಎಂಬುದನ್ನು ಪರೀಕ್ಷೆ ಎಣಿಸುತ್ತದೆ: 5ರಿಂದ 15 ಸೌಮ್ಯ, 30 ಮುಟ್ಟಿದರೆ ತೀವ್ರ. ತೀವ್ರವಾದವರಿಗೆ ಸಾಮಾನ್ಯವಾಗಿ ಸಿಪ್ಯಾಪ್ ಯಂತ್ರ ಹೇಳುತ್ತಾರೆ, ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವ ಯಂತ್ರ ಅದು. ಅದು ಬಳಕೆ ತಪ್ಪಿ ಅಟ್ಟ ಸೇರುವುದು ಹೆಚ್ಚಾಗಿ ಮಾಸ್ಕಿನಿಂದ. ಗಾಳಿ ಸೋರುತ್ತದೆಂದು ಪಟ್ಟಿ ಬಿಗಿದಷ್ಟೂ ಮಾಸ್ಕಿನ ಅಂಚು ಮಡಚಿಕೊಂಡು ಸೋರುವುದು ಹೆಚ್ಚುತ್ತದೆ. ಮಲಗಿಕೊಂಡು, ಯಂತ್ರ ಹಾಕಿಕೊಂಡೇ ಪಟ್ಟಿ ಹೊಂದಿಸಿ. ತೇವ ಕೊಡುವ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದನ್ನು ಬೆಳಿಗ್ಗೆ ಚೆಲ್ಲಿ. ಬೋರ್‌ವೆಲ್ ನೀರು ಹಾಕಿದರೆ ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿ ಸುಣ್ಣ ಅಲ್ಲೂ ಕಟ್ಟುತ್ತದೆ. ಕರೆಂಟ್ ಹೋಗುವ ಬಡಾವಣೆಯಾದರೆ ಯಂತ್ರದ ಪ್ಲಗ್ಗನ್ನು ಯುಪಿಎಸ್ ಲೈನಿಗೆ ಹಾಕಿಸಿ.

ಔಟರ್ ರಿಂಗ್ ರೋಡ್, ಎಲೆಕ್ಟ್ರಾನಿಕ್ ಸಿಟಿಯ ರಾತ್ರಿಪಾಳಿಯವರಿಗೆ ದೊಡ್ಡ ಶತ್ರು ಬೆಳಗಿನ ಬಿಸಿಲು. ಕ್ಯಾಬಿನಲ್ಲಿ ಬರುವಾಗ ಕಪ್ಪು ಕನ್ನಡಕ ಹಾಕಿ. ತಾವೇ ಗಾಡಿ ಓಡಿಸುವವರು ಹಾಕಬೇಡಿ, ತೂಕಡಿಕೆ ಹೆಚ್ಚುತ್ತದೆ. ಕಿಟಕಿಗೆ ದಪ್ಪ ಪರದೆ ಬೇಕು. ಪಾಳಿ ನಸುಕಿನ 3.30ಕ್ಕೆ ಮುಗಿದು 5ಕ್ಕೆ ಮಲಗುವವರು ರಜೆಯ ದಿನ ರಾತ್ರಿ ಹತ್ತಕ್ಕೆ ಮಲಗಲು ಹೋಗದೆ ನಸುಕಿನ 3ರ ಸುಮಾರಿಗೆ ಮಲಗಿದರೆ ದೇಹದ ಗಡಿಯಾರ ಪ್ರತಿ ವಾರ ಪಲ್ಟಿ ಹೊಡೆಯುವುದಿಲ್ಲ. ಕಾಫಿ ಪಾಳಿಯ ಮೊದಲರ್ಧದಲ್ಲಿ ಮಾತ್ರ.

ಸುಮಾರು 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ. ನಮ್ಮಲ್ಲಿ ಗಾಡಿ ಓಡಿಸಲು ಕಾನೂನಿನ ಮಿತಿ ಶೇ 0.03. ಮೈಸೂರು ರಸ್ತೆಯಲ್ಲಿ ಕಣ್ಣು ಎಳೆದರೆ ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಉಪಯೋಗವಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕೆಫೀನು ಕೆಲಸ ಶುರು ಮಾಡಿರುತ್ತದೆ.

ಸಂಜೆಯಾದರೆ ಕಾಲು ಜುಮುಗುಟ್ಟಿ, ಓಡಾಡಿದರೆ ಮಾತ್ರ ಸಮಾಧಾನವಾಗುತ್ತಿದ್ದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಕೇಳಿ. ಅದು 75 ng/mLಗಿಂತ ಕಡಿಮೆಯಿದ್ದರೆ ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಡಬಹುದು. ಅದನ್ನು ಟೀ-ಕಾಫಿ ಜೊತೆ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿದ್ದೆಗೆ, ಆತಂಕಕ್ಕೆ ಕೊಡುವ ಆಲ್‌ಪ್ರಝೊಲಾಮ್‌ನಂಥ ಮಾತ್ರೆ ತಿಂಗಳುಗಟ್ಟಲೆ ನುಂಗುತ್ತಿರುವವರು ಅದನ್ನು ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರುವ ಅಪಾಯವಿದೆ. ವೈದ್ಯರ ಕೈಯಲ್ಲೇ ನಿಧಾನವಾಗಿ ಇಳಿಸಬೇಕು.

ನಿದ್ದೆಗೇಡಿನ ಜೊತೆ ಬದುಕೇ ಬೇಡವೆನಿಸುತ್ತಿದ್ದರೆ ಈಗಲೇ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಉಳಿದವರು ಹೊಸೂರು ರಸ್ತೆಯ ನಿಮ್ಹಾನ್ಸ್‌ಗಾಗಲಿ, ಮನೆ ಹತ್ತಿರದ ಶ್ವಾಸಕೋಶ ಅಥವಾ ನರರೋಗ ತಜ್ಞರ ಬಳಿಗಾಗಲಿ ಹೋಗುವಾಗ ಆ 14 ದಿನದ ನೋಟ್‌ಬುಕ್, ನುಂಗುತ್ತಿರುವ ಮಾತ್ರೆಗಳ ಚೀಟಿ, ಮತ್ತು ಪಕ್ಕದಲ್ಲಿ ಮಲಗುವವರು ಫೋನಿನಲ್ಲಿ ಹಿಡಿದಿಟ್ಟ ಗೊರಕೆಯ ಎರಡು ನಿಮಿಷದ ವಿಡಿಯೊ ತೆಗೆದುಕೊಂಡು ಹೋಗಿ.